ಜೊತೆ ಸಿಕ್ಕ ಮೇಲೆ

ನಮ್ಮ ಊರಿನಲ್ಲಿ ಯಾರು ಯಾರ ಮೇಲೆ ಬೇಕಾದರೂ ದೂರು ಕೊಡಬಹುದು. ಸಮಿತಿಯ ಕಚೇರಿಯಲ್ಲಿ ಅದನ್ನು ಮರ್ಯಾದೆಯಿಂದ ತೆಗೆದುಕೊಂಡು, ಪೂರ್ತಿ ಓದಿ, ಹಾಳೆಯ ಬಲಮೂಲೆಯಲ್ಲಿ ನೇರಳೆ ಮಸಿಯ ಮುದ್ರೆ ಒತ್ತುತ್ತಾರೆ: ಜೊತೆ ಸಿಕ್ಕ ಮೇಲೆ. ಅಲ್ಲಿಗೆ ಮುಗಿಯಿತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಪ್ರತಿಯೊಬ್ಬ ಮನುಷ್ಯನಿಗೂ ಕಣ್ಣಿಗೆ ಕಾಣದ, ಅವನಿಗಿಂತ ಭಾರವಾದ ಒಂದು ಜೊತೆ ಇರುತ್ತದೆ. ಅದು ಸಿಗುವ ತನಕ ಅವನನ್ನು ನಾವು ನೋಡಿರುವುದು ಅರ್ಧ ಮಾತ್ರ. ಅರ್ಧ ನೋಡಿ ತೀರ್ಪು ಕೊಡುವುದು ಅನ್ಯಾಯ. ಗಂಡ ಕೈ ಎತ್ತುತ್ತಾನೆ ಎಂದು ಹೆಂಗಸೊಬ್ಬಳು ಹೋಗಿ ನಿಂತರೆ ಅಧ್ಯಕ್ಷ ಪಶುಪತಿ ರಾಯರು ಕನ್ನಡಕ ತೆಗೆದು, ಬಹಳ ಮೃದುವಾಗಿ, "ಕಾಣೋ ಗಂಡ ಹಾಗಿರಬಹುದಮ್ಮ. ಕಾಣದವನು ಸಾಧುವಿರಬಹುದಲ್ಲ" ಎನ್ನುತ್ತಾರೆ. ಅವರು ಯಾರನ್ನೂ ಗದರಿದ್ದನ್ನು ನಾನು ನೋಡಿಲ್ಲ.

ಜೊತೆಗಳನ್ನು ಹುಡುಕುವುದಕ್ಕೆ ಊರಿನ ಕೆಳಗೆ ಉಂಗುರವಿದೆ. ತರಕಾರಿ ಮಾರುಕಟ್ಟೆಯ ಅಡಿಯಲ್ಲಿ ಶುರುವಾಗಿ, ಹೆಣ್ಣುಮಕ್ಕಳ ಶಾಲೆ, ಬಣ್ಣದ ಕಾರ್ಖಾನೆ, ಸ್ಮಶಾನ ಎಲ್ಲವನ್ನೂ ಬಳಸಿಕೊಂಡು ಮತ್ತೆ ಮಾರುಕಟ್ಟೆಗೇ ಬರುವ ದುಂಡನೆಯ ಸುರಂಗ ಅದು. ಒಳಗೆ ಎರಡು ದಿಕ್ಕಿನಿಂದ ಕಣಗಳನ್ನು ಓಡಿಸಿ ಒಂದಕ್ಕೊಂದು ಡಿಕ್ಕಿ ಹೊಡೆಸುತ್ತಾರೆ. ಬಾಗಿಲ ಮೇಲೆ 'ಮಹಾಸಮ್ಮಿತಿ ಶೋಧನಾ ಕೇಂದ್ರ' ಎಂದು ಫಲಕವಿದ್ದರೂ ಯಾರೂ ಹಾಗೆ ಕರೆಯುವುದಿಲ್ಲ. ಪ್ರತಿ ಕಣಕ್ಕೂ ಒಂದು ಭಾರದ ಜೊತೆಕಣ ಇದೆ ಎಂದು ಹೇಳಿದವರು ಮೊದಲ ನಿರ್ದೇಶಕರು. ಅವರ ಗಣಿತ ಎಷ್ಟು ಸುಂದರವಾಗಿತ್ತೆಂದರೆ ಅದು ಸುಳ್ಳಾಗಿರಲು ಸಾಧ್ಯವೇ ಇರಲಿಲ್ಲವಂತೆ. ಕಣಕ್ಕೆ ಇದ್ದಮೇಲೆ ಕಣಗಳಿಂದಾದ ಮನುಷ್ಯನಿಗೂ ಇರಲೇಬೇಕು ಎಂದು ಊರು ತಾನಾಗಿಯೇ ತೀರ್ಮಾನಿಸಿತು. ಒಂದೇ ಒಂದು ಜೊತೆಕಣ ಸಿಕ್ಕಿದರೂ ಸಾಕು, ಉಳಿದವೂ ಸಿಕ್ಕ ಹಾಗೆಯೇ. ಅಂದೇ ಸಮಿತಿಯ ಎಲ್ಲ ಕಡತಗಳೂ ತೆರೆಯಬೇಕು. ಇದೂ ನಿಯಮದಲ್ಲಿದೆ. ನಿಯಮ ಬರೆದವರಿಗೆ ಅವಸರವೇನೂ ಇದ್ದಂತಿಲ್ಲ.

ಉಂಗುರ ಓಡುವ ದಿನ ಬಿಂದಿಗೆಯ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಮೂಡುತ್ತವೆ. ವರ್ಷಕ್ಕೊಂದು ಬುಧವಾರ ನಿರ್ದೇಶಕರು ಮಹಡಿಯಲ್ಲಿ ನಿಂತು ಫಲಿತಾಂಶ ಹೇಳುತ್ತಾರೆ. ಹೋದ ವರ್ಷ ಹೇಳಿದ್ದು, "ಈ ವರ್ಷ ಹದಿನಾಲ್ಕನೇ ತೂಕದವರೆಗೆ ಹುಡುಕಿದ್ದೇವೆ. ಎಲ್ಲೂ ಇಲ್ಲ. ಆದ್ದರಿಂದ ನಮ್ಮ ಜೊತೆಗಳು ಹದಿನಾಲ್ಕಕ್ಕಿಂತ ಭಾರ ಎಂಬುದು ಖಚಿತವಾಗಿದೆ." ಕೆಳಗೆ ನಿಂತ ಜನ ಚಪ್ಪಾಳೆ ತಟ್ಟುತ್ತಾರೆ. ಅದರ ಹಿಂದಿನ ವರ್ಷ ಹದಿಮೂರಿತ್ತು, ಅದಕ್ಕೂ ಹಿಂದೆ ಹನ್ನೆರಡು. ಸಿಗದೇ ಹೋದಷ್ಟೂ ಭಾರ, ಭಾರವಾದಷ್ಟೂ ಘನತೆ. ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತ ಪೀಚು ಗಂಡಸರೂ ಆ ವಾರವೆಲ್ಲ ಎದೆ ಮುಂದೆ ಮಾಡಿಕೊಂಡು ಓಡಾಡುತ್ತಾರೆ.

ನಾನು ಉಂಗುರದ ನೋಟದ ಹಾಲಿನಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಮೂರು. ಈಗ ನಲವತ್ತೊಂಬತ್ತು. ನಾವು ನಲವತ್ತು ಜನ ಹೆಂಗಸರು ಸಾಲಾಗಿ ಕೂತು ಡಿಕ್ಕಿಯ ಚಿತ್ರಗಳನ್ನು ನೋಡುತ್ತೇವೆ. ನಡುವೆ ಒಮ್ಮೆ ಯಂತ್ರ ತಂದಿದ್ದರು. ಅದು ಒಂದೇ ಬೆಳಿಗ್ಗೆಯಲ್ಲಿ ಎಂಟು ಲಕ್ಷ ಚಿತ್ರ ನೋಡಿ 'ಇಲ್ಲ' ಎಂದಿತು. ಅಷ್ಟು ಬೇಗ ಇಲ್ಲ ಎನ್ನಿಸಿಕೊಳ್ಳುವುದು ಊರಿಗೆ ಅವಮಾನವೆನಿಸಿ, ಯಂತ್ರವನ್ನು ಮೂಲೆಗೆ ತಳ್ಳಿ ಮತ್ತೆ ನಮ್ಮನ್ನೇ ಕರೆಸಿಕೊಂಡರು. ಹೆಂಗಸರು ಇಲ್ಲ ಎನ್ನುವುದಕ್ಕೆ ಸಮಯ ತೆಗೆದುಕೊಳ್ಳುತ್ತಾರೆ ಎಂದು ನಿರ್ದೇಶಕರು ಸಮಾಧಾನ ಹೇಳಿದರಂತೆ.

ಕೆಲಸ ಕಷ್ಟದ್ದಲ್ಲ. ಡಿಕ್ಕಿಯಾದ ಜಾಗದಿಂದ ಗೆರೆಗಳು ಸುತ್ತಲೂ ಚಿಮ್ಮಿರುತ್ತವೆ. ಈ ಕಡೆ ಎಷ್ಟು ರಭಸವೋ ಆ ಕಡೆಯೂ ಅಷ್ಟೇ ಇರಬೇಕು. ಒಂದು ಕಡೆ ಗೆರೆಗಳಿದ್ದು ಇನ್ನೊಂದು ಕಡೆ ಖಾಲಿಯಿದ್ದರೆ, ಏನೋ ಒಂದು ಯಾರಿಗೂ ಕಾಣದೆ ಆ ದಿಕ್ಕಿನಲ್ಲಿ ಹೊರಟುಹೋಗಿದೆ ಎಂದು ಅರ್ಥ. ಜೊತೆಕಣದ ಗುರುತು ಅದೊಂದೇ. ಅಂದರೆ ಬಂದದ್ದನ್ನಲ್ಲ, ಬರದೇ ಹೋದದ್ದನ್ನು ನೋಡುವುದು ನಮ್ಮ ಕೆಲಸ. ಇದನ್ನು ಗಂಡಸರಿಗೆ ಕಲಿಸಲು ಮೂರು ತಿಂಗಳು ಬೇಕಾಗುತ್ತಿತ್ತಂತೆ. ನಮ್ಮಲ್ಲಿ ಹೆಚ್ಚಿನವರು ಮೊದಲ ದಿನವೇ ಕಲಿತೆವು. ಬರದೇ ಹೋದದ್ದಕ್ಕೆ ಸಾಧಾರಣವಾಗಿ ಸಾಧಾರಣ ಕಾರಣವೇ ಇರುತ್ತದೆ: ಎಲ್ಲೋ ತಂತಿ ಸಡಿಲ, ಎಲ್ಲೋ ಒಂದು ಕಿಂಡಿ. ಅದನ್ನು ಪತ್ತೆಹಚ್ಚಿ 'ಇಲ್ಲ' ಎಂದು ಬರೆದು ಮುಂದಿನ ಚಿತ್ರಕ್ಕೆ ಹೋಗಬೇಕು. ಇಪ್ಪತ್ತಾರು ವರ್ಷದಲ್ಲಿ ನಾನು ಎಷ್ಟು ಸಲ 'ಇಲ್ಲ' ಬರೆದಿದ್ದೇನೋ ದೇವರೇ ಬಲ್ಲ.

ನಮ್ಮ ಮನೆಯವರು, ತ್ರಿಯಂಬಕರು, ಊರಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದಾರೆ. ಅವರನ್ನು ಕಂಡರೆ ಎಲ್ಲರಿಗೂ ಇಷ್ಟ. ಬಂದವರನ್ನೆಲ್ಲ "ಹೋದ ಸಲದ್ದು ಹಿಡಿಸಿತಾ?" ಎಂದು ಕೇಳುತ್ತಾರೆ, ಮುದುಕರಿಗೆ ಕುರ್ಚಿ ಎಳೆದುಕೊಡುತ್ತಾರೆ. ಮನೆಯಲ್ಲಿ ನಾನು ಕೊಟ್ಟ ಕಾಫಿ ಒಂದಿಷ್ಟು ಆರಿದ್ದರೆ ಎದ್ದುಹೋಗಿ ಸಿಂಕಿಗೆ ಚೆಲ್ಲಿ, ಲೋಟ ಬೋರಲು ಹಾಕಿ, ಬಂದು ಕೂರುತ್ತಾರೆ. ಒಂದು ಮಾತಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಮದುವೆಯಾದ ಏಳನೇ ವರ್ಷ ನನಗೆ ಐದು ತಿಂಗಳಾಗಿ ಬಸಿರು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವರು ಬಾಗಿಲಲ್ಲಿ ನಿಂತು ಕೇಳಿದ್ದು, "ನಾಳೆಯಿಂದ ಅಡಿಗೆಗೆ ಏಳ್ತೀಯೋ, ಯಾರಿಗಾದರೂ ಹೇಳಿ ಕಳಿಸಲೋ?" ಆ ಮಗುವಿನ ವಿಷಯದಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ.

ನಮ್ಮ ಅತ್ತೆ ಬದುಕಿದ್ದಾಗ ಹೇಳುತ್ತಿದ್ದರು, "ಇವನು ಹೀಗೇ ಕಣೆ, ಒರಟು. ಆದರೆ ಇವನ ಜೊತೆ ಬಹಳ ಮೆದು. ಹೊಟ್ಟೆಯಲ್ಲಿದ್ದಾಗಲೇ ನಂಗೆ ಗೊತ್ತಾಗ್ತಿತ್ತು." ನಾಚಿಕೆಯಾದರೂ ಹೇಳುತ್ತೇನೆ, ನಾನು ಅದನ್ನು ನಂಬಿದ್ದೆ. ನಾನು ಆ ಹಾಲಿನಲ್ಲಿ ಕಣ್ಣು ನೋಯಿಸಿಕೊಂಡು ಕೂತಿದ್ದು ಊರಿನ ಜೊತೆಗಳಿಗಾಗಿ ಅಲ್ಲ. ಆಸ್ಪತ್ರೆಯಿಂದ ಬಂದ ದಿನ ನನ್ನ ಪಕ್ಕ ಕೂರಬೇಕಾಗಿದ್ದವನು ಆ ಗೆರೆಗಳ ನಡುವಿನ ಖಾಲಿಯಲ್ಲಿ ಎಲ್ಲೋ ಇದ್ದಾನೆ, ಸ್ವಲ್ಪ ತೂಕ ಹೆಚ್ಚಾದ್ದರಿಂದ ತಡವಾಗುತ್ತಿದೆ ಅಷ್ಟೇ ಎಂದುಕೊಂಡಿದ್ದೆ. ಮೂವತ್ತೆಂಟನೇ ವಯಸ್ಸಿನಲ್ಲಿ ಆ ಆಸೆಯಲ್ಲಿ ಮುಕ್ಕಾಲು ಪಾಲು ಸೋರಿಹೋದ ಮೇಲೆ, ಬೇರೆಯಾಗಲು ಅನುಮತಿ ಕೇಳಿ ಸಮಿತಿಗೆ ಅರ್ಜಿ ಕೊಟ್ಟೆ. ಅನುಮತಿ ಚೀಟಿಯಿಲ್ಲದ ಹೆಂಗಸಿಗೆ ನಮ್ಮ ಊರಿನಲ್ಲಿ ಯಾರೂ ಒಂದು ಕೋಣೆಯನ್ನೂ ಬಾಡಿಗೆಗೆ ಕೊಡುವುದಿಲ್ಲ. ನೇರಳೆ ಮುದ್ರೆ ಬಿತ್ತು. ಇವರಿಗೂ ಒಂದು ಪ್ರತಿ ಬಂತು. ಅದನ್ನು ಮಡಿಸಿ, ಓದುತ್ತಿದ್ದ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡರು. ಹನ್ನೊಂದು ವರ್ಷದಿಂದ ಅದು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುತ್ತಿದೆ.

ಹಾಲಿನಲ್ಲಿ ನನ್ನ ಪಕ್ಕದ ಮೇಜು ವಾರಿಜಳದ್ದು. ಇಪ್ಪತ್ತೆಂಟು ವಯಸ್ಸು, ಬಾಯಿ ಜೋರು. ಎಡಗೈಯ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಅದು ಅವಳ ಗಂಡ ಬಾಗಿಲಿಗೆ ಸಿಕ್ಕಿಸಿ ಒತ್ತಿದ್ದರ ಫಲ. ಅವಳ ಕಡತಕ್ಕೆ ಮೂರು ವರ್ಷ. "ಅಕ್ಕ, ಈ ಕಾಣೋ ಅರ್ಧಾನೇ ನಂಗೆ ಸಾಕುಬೇಕಾಗಿದೆ. ಇದಕ್ಕಿಂತ ಭಾರದ್ದು ಬಂದು ಬಾಗಿಲು ಹಾಕಿದರೆ ಕೈಯೇ ಉಳಿಯಲ್ಲ" ಎನ್ನುತ್ತಿದ್ದಳು.

ನಮ್ಮ ಹಾಲಿನಲ್ಲಿ ಒಂದು ಪದ್ಧತಿಯಿದೆ. ನಾವು ತೂಕಡಿಸುತ್ತಿಲ್ಲ ಎಂದು ಗೊತ್ತಾಗುವುದಕ್ಕೆ, ನಿಜವಾದ ಚಿತ್ರಗಳ ನಡುವೆ ಆಗೊಂದು ಈಗೊಂದು ಕಟ್ಟಿದ ಚಿತ್ರ ಸೇರಿಸುತ್ತಾರೆ. ಜೊತೆಕಣ ಹೊರಟುಹೋದರೆ ಹೇಗೆ ಕಾಣಬೇಕೋ ಹಾಗೆಯೇ ಇರುತ್ತದೆ ಅದು. ನಾವು ಅದನ್ನು ಹಿಡಿದು 'ಇದೆ' ಎಂದು ಬರೆಯಬೇಕು. ಕಟ್ಟುವವರು ಭುಜಂಗಯ್ಯ ಎಂಬ ಹಿರಿಯ ನಕ್ಷೆಗಾರರು. ಕಟ್ಟಿದ ಚಿತ್ರಗಳ ಸಂಖ್ಯೆಯನ್ನು ಅವರು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕುತ್ತಾರೆ, ಲಕೋಟೆಗೆ ಅರಗಿನ ಮೊಹರು ಬೀಳುತ್ತದೆ. ಫಲಿತಾಂಶದ ದಿನ ಸಮಿತಿಯ ಎದುರು ಅದನ್ನು ಒಡೆದು, ಆ ಸಂಖ್ಯೆಗಳನ್ನು ನಮ್ಮ 'ಇದೆ'ಗಳಿಂದ ಹೊಡೆದುಹಾಕುತ್ತಾರೆ. ಪ್ರತಿ ವರ್ಷವೂ ಹೊಡೆದ ಮೇಲೆ ಏನೂ ಉಳಿಯುತ್ತಿರಲಿಲ್ಲ.

ಈ ವರ್ಷ ಫಲಿತಾಂಶಕ್ಕೆ ಎರಡು ವಾರ ಮುಂಚೆ ನನ್ನ ಮೇಜಿಗೆ ಒಂದು ಚಿತ್ರ ಬಂತು. ಎಡಕ್ಕೆ ಎರಡು ದಪ್ಪ ಗೆರೆ, ಬಲಕ್ಕೆ ತೊಳೆದಿಟ್ಟ ಹಾಗೆ ಖಾಲಿ. ತಂತಿ ಸರಿಯಿತ್ತು, ಕಿಂಡಿಯಿರಲಿಲ್ಲ. ನೋಡಿದ ಕೂಡಲೇ ಇದು ಭುಜಂಗಯ್ಯನವರ ಕೈಕೆಲಸ ಎಂದು ಗೊತ್ತಾಯಿತು. ನಿಜವಾದ ಡಿಕ್ಕಿ ನಾಲ್ಕು ಮಕ್ಕಳು ಉಂಡೆದ್ದ ಜಾಗದ ಹಾಗಿರುತ್ತದೆ. ಎಲ್ಲೋ ಒಂದು ಪುಡಿ ಗೆರೆ, ಎಲ್ಲೋ ಒಂದು ಕಲೆ. ಭುಜಂಗಯ್ಯನವರದು ಅವರ ಅಕ್ಷರದಂತೆಯೇ ಅತಿ ಅಚ್ಚುಕಟ್ಟು. ಪದ್ಧತಿಯಂತೆ 'ಇದೆ' ಎಂದು ಬರೆದು ಮುಂದಕ್ಕೆ ಹೋದೆ.

ಬುಧವಾರ ಲಕೋಟೆ ಒಡೆದರೆ ಒಳಗೆ ಚೀಟಿಯೇ ಇರಲಿಲ್ಲ. ಚೀಟಿಯಿಲ್ಲ ಎಂದರೆ ಈ ವರ್ಷ ಯಾವ ಚಿತ್ರವನ್ನೂ ಕಟ್ಟಿಲ್ಲ ಎಂದು ನಿರ್ದೇಶಕರು ಅರ್ಥ ಮಾಡಿಕೊಂಡರು. ಕಟ್ಟಿಲ್ಲ ಎಂದಮೇಲೆ ನನ್ನ 'ಇದೆ' ನಿಜವಾದ 'ಇದೆ'. ಮಹಡಿಯ ಮೇಲೆ ನಿಂತು ಅವರು, "ಸಿಕ್ಕಿದೆ" ಎಂದರು. ಕೆಳಗೆ ನಿಂತವರಿಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಇಷ್ಟು ವರ್ಷ ಅವರು ತಟ್ಟಿದ್ದೆಲ್ಲ ಸಿಗದೇ ಇದ್ದದ್ದಕ್ಕೆ.

ಅಧ್ಯಕ್ಷರು ಒಂದು ನೋಟೀಸು ಹಚ್ಚಿದರು. ಸೋಮವಾರ ಹನ್ನೊಂದಕ್ಕೆ, ಚಿತ್ರ ಕಂಡ ಇಂದುಮತಿ, ಅಂದರೆ ನಾನು, ಸಮಿತಿಯ ಮುಂದೆ ನಿಂತು ಅದು ನಿಜವೆಂದು ಸಹಿ ಹಾಕಬೇಕು. ಸಹಿ ಬಿದ್ದ ಕೂಡಲೇ ಕಡತಗಳು ತೆರೆಯುತ್ತವೆ. ಬೇರೆಯಾಗುವ ಅರ್ಜಿಗಳೇ ಎಪ್ಪತ್ತಮೂರು ಇದ್ದವು. ಕಂಡವಳು ಎಂಬ ಗೌರವಕ್ಕೆ ನನ್ನದೇ ಮೊದಲನೆಯದು.

ಆ ಸಂಜೆಯೇ ಭುಜಂಗಯ್ಯ ಹಾಲಿನ ಹಿಂದಿನ ಜಗಲಿಯಲ್ಲಿ ನನ್ನನ್ನು ತಡೆದರು. ಜೇಬಿನಿಂದ ಚೀಟಿ ತೆಗೆದು ಅಂಗೈಯಲ್ಲಿ ತೋರಿಸಿ ಮತ್ತೆ ಒಳಗೆ ಹಾಕಿಕೊಂಡರು.

"ಲಕೋಟೆಗೆ ಮೊಹರು ಹಾಕೋ ಮುಹೂರ್ತ ಹತ್ತು ಹತ್ತಕ್ಕೆ ಇಟ್ಟಿದ್ರು ಇಂದಮ್ಮ. ಈ ವರ್ಷ ಕಟ್ಟಿದ್ದು ಅದೊಂದೇ ಚಿತ್ರ, ಅದರ ಚೀಟಿ ಬರೀತಾ ಇದ್ದೆ. ಮುಹೂರ್ತ ಮೀರುತ್ತೆ ಅಂತ ಖಾಲಿ ಲಕೋಟೆಗೇ ಹಾಕಿಬಿಟ್ರು."

"ಒಡೆದು ಹಾಕಬಹುದಿತ್ತಲ್ಲ?"

"ಮೊಹರು ಬಿದ್ದದ್ದನ್ನ ಒಡೆಯೋ ಹಾಗಿಲ್ಲ. ಫಲಿತಾಂಶದ ದಿನ ಬಾಯಲ್ಲಿ ಹೇಳಿದರಾಯ್ತು ಅಂದ್ಕೊಂಡೆ. ಆ ದಿನ ಕಟ್ಟಿದವನು ಸಭೆಯಲ್ಲಿ ಇರೋ ಹಾಗಿಲ್ಲ ಅಂತ ನನ್ನ ಹೊರಗೆ ಕೂರಿಸಿದ್ರು. ಯಾರೂ ಕೇಳಲಿಲ್ಲ. ಕೇಳದೆ ಹೇಳೋ ಪದ್ಧತಿ ಇಲ್ಲ." ಅವರು ಪಂಚೆಯ ಅಂಚು ಸರಿಮಾಡಿಕೊಂಡರು. "ನಿಮಗೆ ಗೊತ್ತಾಗಿರಬೇಕಲ್ಲ, ನೋಡಿದ ತಕ್ಷಣ?"

"ಗೊತ್ತಾಯ್ತು."

"ಚೆನ್ನಾಗಿತ್ತಾ?"

"ಅತಿ ಚೆನ್ನಾಗಿತ್ತು" ಎಂದೆ. ಆ ಹೊತ್ತಿನಲ್ಲೂ ಅವರ ಮುಖ ಅರಳಿತು. ಸೋಮವಾರ ಸಮಿತಿ ಕರೆದು ಕೇಳಿದರೆ ಚೀಟಿ ತೋರಿಸುತ್ತೇನೆ, ಕರೆಯದಿದ್ದರೆ ಇಲ್ಲ, ಎಲ್ಲ ನಿಮಗೆ ಬಿಟ್ಟದ್ದು ಎಂದು ಹೇಳಿ ಹೊರಟುಹೋದರು. ಹೀಗೆ ಒಂದು ಸಹಿಯ ದೂರದಲ್ಲಿ ನನ್ನ ಕೋಣೆ ಇತ್ತು. ಬಾಯಿ ಮುಚ್ಚಿಕೊಂಡು ಸಹಿ ಹಾಕಿದರೆ ಆಯಿತು. ನಾನು ಹಾಗೇ ಮಾಡುವುದೆಂದು ನಿಶ್ಚಯಿಸಿಕೊಂಡೇ ಮನೆಗೆ ಹೋದೆ. ಇದನ್ನು ಮುಚ್ಚಿಡುವುದಿಲ್ಲ.

ಗುರುವಾರ ಬೆಳಿಗ್ಗೆ ಎದ್ದು ಅಡಿಗೆಮನೆಗೆ ಹೋದರೆ ತ್ರಿಯಂಬಕರು ಒಲೆಯ ಮುಂದೆ ನಿಂತಿದ್ದರು. ನನ್ನ ಕೈಗೆ ಲೋಟ ಕೊಟ್ಟರು. ಹಬೆಯಾಡುವ ಕಾಫಿ. ಒಂದು ಗುಟುಕು ಕುಡಿದು ಅಲ್ಲೇ ನಿಂತೆ. ನಾನು ಅರ್ಧ ಚಮಚ ಸಕ್ಕರೆ ಹಾಕಿಕೊಳ್ಳುತ್ತೇನೆ, ಡಿಕಾಕ್ಷನ್ ಒಂದಿಷ್ಟು ಮುಂದಿರಬೇಕು. ನನ್ನ ಕಾಫಿಯನ್ನು ಈ ಮನೆಯಲ್ಲಿ ನಾನಲ್ಲದೆ ಬೇರೆ ಯಾರೂ ಯಾವತ್ತೂ ಮಾಡಿಲ್ಲ. ಅದು ಸರಿಯಾಗಿ ಹಾಗೆಯೇ ಇತ್ತು.

"ಸರಿಯಿದೆಯಾ?" ಎಂದು ಕೇಳಿದರು.

"ಇದೆ" ಎಂದೆ.

ಮಧ್ಯಾಹ್ನ ಗ್ರಂಥಾಲಯದಿಂದ ಬೇಗ ಬಂದರು. ನನ್ನ ಬೆನ್ನುನೋವಿನ ಎಣ್ಣೆ ಮುಗಿದಿತ್ತು, ಕೇಳದೆಯೇ ತಂದಿದ್ದರು, ನಾನು ಹಚ್ಚಿಕೊಳ್ಳುವ ಗುರುತಿನದೇ. ಶುಕ್ರವಾರ ನನ್ನ ಕೆಲಸದ ಬಗ್ಗೆ ಕೇಳಿದರು. ಶನಿವಾರ, ಊಟಕ್ಕೆ ಕೂತಾಗ, ತಟ್ಟೆಯನ್ನೇ ನೋಡುತ್ತಾ, "ಅದು ಇದ್ದಿದ್ದರೆ ಈಗ ಹದಿನೇಳು" ಎಂದರು. ನಾನು ಎದ್ದು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತೆ. ವರ್ಷ ಸರಿಯಾಗಿತ್ತು. ಅವರು ಎಣಿಸಿಕೊಂಡೇ ಬಂದಿದ್ದರು.

ಇದು ನಮ್ಮ ಮನೆಯ ಮಾತಷ್ಟೇ ಅಲ್ಲ. ಆ ನಾಲ್ಕು ದಿನ ತರಕಾರಿ ಮಾರುಕಟ್ಟೆಯಲ್ಲಿ ಗಂಡಸರೇ ಗಂಡಸರು. ದಂಟಿನ ಸೊಪ್ಪು ಯಾವುದು, ಹರಿವೆ ಯಾವುದು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಬಟ್ಟೆ ಒಣಹಾಕುವವರು, ತಾಯಿಯನ್ನು ಗದರಿ ಹೆಂಡತಿಯನ್ನು ವಹಿಸಿಕೊಳ್ಳುವವರು, ಬೀದಿಯ ತುಂಬ ಅವರೇ. ಕಾಣದ ಜೊತೆ ಬಂದು ಪಕ್ಕದಲ್ಲಿ ನಿಂತು ಹೋಲಿಕೆಯಾದೀತೆಂಬ ಹೆದರಿಕೆ ಕೆಲವರಿಗೆ, ಕಡತ ತೆರೆದೀತೆಂಬ ಹೆದರಿಕೆ ಕೆಲವರಿಗೆ. ಗುರುವಾರದಿಂದ ಭಾನುವಾರದವರೆಗೆ ನಮ್ಮ ಊರಿನಲ್ಲಿ ಒಬ್ಬ ಹೆಂಗಸೂ ಏಟು ತಿನ್ನಲಿಲ್ಲ.

ಭಾನುವಾರ ವಾರಿಜ ಮನೆಗೆ ಬಂದಳು. ಯಾವಾಗಲೂ ಬಾಗಿಲಿಂದಲೇ ಮಾತು ಶುರುಮಾಡುವವಳು ಸುಮ್ಮನೆ ಬಂದು ಕೂತಳು.

"ನಿನ್ನೆ ಅವನು ನನ್ನ ಕೈಗೆ ಎಣ್ಣೆ ಹಚ್ಚಿದ ಅಕ್ಕ" ಎಂದಳು.

"ಒಳ್ಳೇದಾಯ್ತಲ್ಲ."

"ಎಲ್ಲಿ ನೋಯುತ್ತೆ ಅಂತ ಕೇಳಲಿಲ್ಲ. ನೇರವಾಗಿ ಹೆಬ್ಬೆರಳಿಟ್ಟು ಆ ಜಾಗಕ್ಕೇ ಹಚ್ಚಿದ. ಡಾಕ್ಟರಿಗೇ ಆ ಜಾಗ ಹುಡುಕಕ್ಕೆ ಅರ್ಧ ಗಂಟೆ ಬೇಕಾಗಿತ್ತು." ಅವಳು ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡಳು. "ಸಿಟ್ಟಿನಲ್ಲಿ ಏನು ಮಾಡ್ತೀನಿ ಅಂತ ತನಗೇ ಗೊತ್ತಿರಲ್ಲ ಅಂತಿದ್ದ. ನಾನೂ ಪಾಪ ಅಂದ್ಕೊಂಡಿದ್ದೆ."

ಅವಳು ಹೋದ ಮೇಲೆ ನಾನು ಬಹಳ ಹೊತ್ತು ಕಿಟಕಿಯ ಹತ್ತಿರ ಕೂತಿದ್ದೆ. ಇಪ್ಪತ್ತಾರು ವರ್ಷ ಬರದೇ ಹೋದದ್ದಕ್ಕೆ ಕಾರಣ ಹುಡುಕಿದವಳು ನಾನು. ನಮ್ಮ ಮನೆಯಲ್ಲಿ ಬರದೇ ಹೋದದ್ದೆಲ್ಲ ಕಾಣದವನೊಬ್ಬನ ಹತ್ತಿರ ಇದೆ ಎಂದು ನಂಬಿಕೊಂಡಿದ್ದೆ. ಕಾಣದವನು ಯಾರೂ ಇರಲಿಲ್ಲ. ಅರ್ಧ ಚಮಚ ಸಕ್ಕರೆ ಗೊತ್ತಿದ್ದದ್ದು ಇವರಿಗೇ. ಮಗುವಿನ ವಯಸ್ಸು ಗೊತ್ತಿದ್ದದ್ದೂ ಇವರಿಗೇ. ಒಬ್ಬರೇ ಮನುಷ್ಯ, ತೂಕವೂ ಸಾಧಾರಣ, ಎಲ್ಲ ಬರುತ್ತಿತ್ತು, ಮಾಡಿರಲಿಲ್ಲ ಅಷ್ಟೇ. ಒರಟನೊಬ್ಬನ ಜೊತೆ ಬಾಳಿದೆ ಎಂದು ಇಷ್ಟು ದಿನ ನನ್ನನ್ನು ನಾನೇ ಕನಿಕರಿಸಿಕೊಂಡಿದ್ದೆ. ಅದಕ್ಕಿಂತ ಇದು ಹೆಚ್ಚು ನೋಯಿಸಿತು. ಸೋಮವಾರ ನಾನು ಸಹಿ ಹಾಕಿದರೆ ಕೋಣೆ ಸಿಗುತ್ತದೆ, ನಿಜ. ಆದರೆ ಈ ಮನುಷ್ಯನಿಗೆ ಇನ್ನೊಂದು ಒಳ್ಳೆಯ ಅರ್ಧ ಇದೆ ಎಂದು ನನ್ನ ಕೈಯಾರೆ ಬರೆದುಕೊಟ್ಟ ಹಾಗೂ ಆಗುತ್ತದೆ. ವಾರಿಜಳ ಗಂಡನಿಗೂ ಬರೆದುಕೊಟ್ಟ ಹಾಗೆ. ಊರಿನ ಗಂಡಸರೆಲ್ಲ ಆ ಕಾಗದವನ್ನು ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳುತ್ತಾರೆ.

ಸೋಮವಾರ ಸಮಿತಿಯ ಜಗಲಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಒಳಗೆ 'ಜೊತೆ ಸಿಕ್ಕ ಮೇಲೆ' ಮುದ್ರೆಯ ಕಡತಗಳನ್ನು ಧೂಳು ಕೊಡವಿ ಜೋಡಿಸಿದ್ದರು. ಪಶುಪತಿ ರಾಯರ ಮುಖ ನಾಲ್ಕು ದಿನಕ್ಕೇ ಇಳಿದುಹೋಗಿತ್ತು. ಎಪ್ಪತ್ತಮೂರು ತೀರ್ಪು ಕೊಡಬೇಕಾದ ದಿನ ಬರುತ್ತದೆಂದು ಅವರು ಈ ಕುರ್ಚಿಯಲ್ಲಿ ಕೂತಿರಲಿಲ್ಲ. ನಿರ್ದೇಶಕರು ಚಿತ್ರಕ್ಕೆ ಹೂವಿನ ಹಾರ ಹಾಕಿಸಿ ತಂದಿದ್ದರು. ಗಂಡಸರ ಬೆಂಚಿನ ತುದಿಯಲ್ಲಿ ತ್ರಿಯಂಬಕರು ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

"ಇದು ನೀವು ಕಂಡ ಚಿತ್ರ ತಾನೇ ತಾಯಿ?" ಎಂದರು ಅಧ್ಯಕ್ಷರು.

"ಹೌದು. ಕಟ್ಟಿದ ಚಿತ್ರ. ಭುಜಂಗಯ್ಯನವರನ್ನು ಕರೆದು ಕೇಳಿ."

ಕರೆದರು, ಕೇಳಿದರು. ಭುಜಂಗಯ್ಯ ಚೀಟಿ ಮೇಜಿನ ಮೇಲಿಟ್ಟು, ಮುಹೂರ್ತದ ಕಥೆ ಹೇಳಿ, ಕೈಕಟ್ಟಿ ನಿಂತರು.  ನಿರ್ದೇಶಕರು ಚಿತ್ರದ ಹಾರ ಸರಿಮಾಡಿ, "ಕಟ್ಟಿದ್ದೇ ಇಷ್ಟು ಸುಂದರವಾಗಿರಬೇಕಾದರೆ ನಿಜವಾದದ್ದು ಇನ್ನೆಷ್ಟು ಸುಂದರವಾಗಿರಬೇಡ? ಮುಂದಿನ ತೂಕದಲ್ಲಿ ಖಂಡಿತ" ಎಂದರು. ಪಶುಪತಿ ರಾಯರಿಗೆ ಹೋದ ಪ್ರಾಣ ಬಂದಂತಾಯಿತು. "ಸತ್ಯ ಹೇಳಿದಿರಿ ತಾಯಿ. ನಿಮ್ಮಂಥವರಿಂದಲೇ ಉಂಗುರ ನಿಂತಿರೋದು. ಏ, ಕಡತ ಎಲ್ಲಾ ಒಳಗಿಡ್ರಪ್ಪ" ಎಂದರು. ಗಂಡಸರ ಬೆಂಚಿನಲ್ಲಿ ಕಾಲ ಮೇಲೆ ಕಾಲು ಏರುವ ಸದ್ದಾಯಿತು.

ಜಗಲಿಯಿಂದ ವಾರಿಜ ಒಳಗೆ ಬಂದಳು. ಅವಳು ಕೂಗಲಿಲ್ಲ. "ಅಕ್ಕ, ನಿಮ್ಮ ಸತ್ಯ ಸಂಜೆ ಹೇಳಿದ್ದರೆ ಹಳಸಿಹೋಗ್ತಿತ್ತಾ?" ಎಂದಳು. ಅವಳ ಹಿಂದೆ ನಿಂತವರ ಮುಖಗಳನ್ನು ನೋಡುವ ಧೈರ್ಯ ನನಗಾಗಲಿಲ್ಲ.

"ಕಡತ ಒಳಗಿಡಬೇಡಿ" ಎಂದೆ ಅಧ್ಯಕ್ಷರಿಗೆ. "ನಂದು ಇನ್ನೂ ಮುಗಿದಿಲ್ಲ."

"ಜೊತೆ ಸಿಕ್ಕಿಲ್ಲವಲ್ಲಮ್ಮ. ನೀವೇ ಹೇಳಿದಿರಿ."

"ನಮ್ಮ ಮದುವೆಯ ಪುಸ್ತಕ ತರಿಸಿ."

ಗುಮಾಸ್ತ ತಂದ. ಇಪ್ಪತ್ತೈದು ವರ್ಷದ ಹಿಂದಿನ ಪುಟ. ನನ್ನ ಸಹಿ, ತ್ರಿಯಂಬಕರ ಸಹಿ, ಕೆಳಗೆ ಸಾಕ್ಷಿಗಳದ್ದು ಎರಡು.

"ಇದರಲ್ಲಿ ಇವರ ಜೊತೆಯ ಸಹಿ ಎಲ್ಲಿದೆ ತೋರಿಸಿ."

ಅಧ್ಯಕ್ಷರು ನಕ್ಕರು. "ಕಾಣದವರು ಸಹಿ ಹೇಗೆ ಹಾಕ್ತಾರಮ್ಮ?"

"ಹಾಗಾದರೆ ನಾನು ಮದುವೆಯಾದದ್ದು ಯಾರನ್ನ?"

ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ನಾನು ಅಲ್ಲಿಯವರೆಗೆ ಅಷ್ಟು ಜನರೆದುರು ಮಾತಾಡಿದವಳಲ್ಲ. "ಕಂಡವರನ್ನ ಮದುವೆಯಾದೆ, ಕಂಡವರನ್ನೇ ಬಿಡ್ತಾ ಇದೀನಿ. ಕಾಣದವರ ಮೇಲೆ ನನ್ನ ದೂರು ಏನೂ ಇಲ್ಲ ಸ್ವಾಮಿ. ಅವರು ಸಿಕ್ಕಿದ ದಿನ ಹೆಣ್ಣು ಕೇಳಿಕೊಂಡು ಬರಲಿ. ಯೋಚನೆ ಮಾಡ್ತೀನಿ."

ಜಗಲಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಹಿಂದಕ್ಕೆ ಹಿಂದಕ್ಕೆ ಹೋಯಿತು.

ಸಮಿತಿಯ ಐವರೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲು ತೆಳ್ಳಗಿತ್ತು. ಸಹಿ ಮಾಡದವರಿಗಾಗಿ ಇವಳು ಕಾಯಬೇಕು ಎಂದರೆ, ಅವರು ಒಪ್ಪದ ಮದುವೆ ಮದುವೆಯೇ ಅಲ್ಲ ಎಂದಾಗುತ್ತದೆ ಎಂದು ಒಬ್ಬರು ಹೇಳಿದ್ದು ಕೇಳಿಸಿತು. "ಹಾಗಂದರೆ ನಂದೂ ಅಲ್ಲ, ನಿಮ್ಮದೂ ಅಲ್ಲ. ಮನೆಗೆ ಹೋಗಿ ಏನು ಹೇಳೋದು?"  ಹೊರಗೆ ಬಂದಾಗ ಅಧ್ಯಕ್ಷರ ಕೈಯಲ್ಲಿ ಎರಡು ಹಾಳೆಯಿತ್ತು. ಒಂದು ನನ್ನ ಅನುಮತಿ ಚೀಟಿ. ಇನ್ನೊಂದು, ಇಂಥ ಪ್ರಶ್ನೆ ಮುಂದೆ ಯಾರೂ ಎತ್ತದ ಹಾಗೆ ಮಾಡಿದ ಹೊಸ ನಿಯಮ: ಇನ್ನು ಮೇಲೆ ಮದುವೆಯ ಪುಸ್ತಕದಲ್ಲಿ ಗಂಡು ಹೆಣ್ಣಿನ ಜೊತೆಗಳೂ ಕಡ್ಡಾಯವಾಗಿ ಸಹಿ ಹಾಕತಕ್ಕದ್ದು. ಅಂದಿನಿಂದ ನಮ್ಮ ಊರಿನಲ್ಲಿ ಒಂದು ಮದುವೆಯೂ ನಡೆದಿಲ್ಲ. ಹುಡುಗಿಯರು ಅದಕ್ಕಾಗಿ ಸೊರಗಿದ್ದನ್ನು ನಾನಂತೂ ನೋಡಿಲ್ಲ.

ಚೀಟಿ ಹಿಡಿದುಕೊಂಡು ಮೆಟ್ಟಿಲಿಳಿದೆ. ತ್ರಿಯಂಬಕರು ಹಿಂದೆಯೇ ಬಂದರು. ನನ್ನ ಕೈಚೀಲ ಬೆಂಚಿನ ಮೇಲೆ ಮರೆತಿದ್ದೆ, ತಂದುಕೊಟ್ಟರು. ಬಿಸಿಲಿಗೆ ಅವರ ಕಣ್ಣು ಕಿರಿದಾಗಿತ್ತು.

"ಈ ನಾಲ್ಕು ದಿನ ನಾನು ಚೆನ್ನಾಗಿರಲಿಲ್ವಾ?" ಎಂದು ಕೇಳಿದರು.

"ಇದ್ರಿ" ಎಂದೆ. "ತುಂಬ ಚೆನ್ನಾಗಿದ್ರಿ. ಅದಕ್ಕೇ."

ಅವರು ಅರ್ಥವಾಗದವರ ಹಾಗೆ ನೋಡಿದರು. ಅರ್ಥವಾಗಿತ್ತು, ನನಗೆ ಗೊತ್ತು. ಮೇಲೆ ಗುಮಾಸ್ತ ವಾರಿಜಳ ಹೆಸರು ಕೂಗಿದ. ಅವಳ ಪಕ್ಕದಲ್ಲಿ ನಿಲ್ಲಲು ನಾನು ಮತ್ತೆ ಮೆಟ್ಟಿಲು ಹತ್ತಿದೆ.